ಬಲಿಪೀಠದ ಬಿಳಿಯ ಅಂಚು

ದೇವಾಲಯಗಳ ಚರಿತ್ರೆಯನ್ನು ಬರೆಯುವವರು ಗೋಪುರಕ್ಕೆ ಕಲ್ಲು ಕೊಟ್ಟವರನ್ನೂ ಗಂಟೆಯನ್ನು ದಾನವಿತ್ತವರನ್ನೂ ತಪ್ಪದೆ ಸ್ಮರಿಸುತ್ತಾರೆ. ಬಲಿಪೀಠದ ವಸ್ತ್ರದ ಅಂಚಿನಲ್ಲಿಯೂ ಗುರುಗಳ ಬಿಳಿಯ ನಿಲುವಂಗಿಯ ತುದಿಯಲ್ಲಿಯೂ ತೂಗುವ ಲೇಸನ್ನು ಹೆಣೆದವರ ಹೆಸರುಗಳು ಮಾತ್ರ ಎಲ್ಲಿಯೂ ದೊರೆಯವು. ಶತಮಾನೋತ್ಸವದ ಈ ಸಂಚಿಕೆಯಲ್ಲಿ ಆ ಕೈಗಳಿಗೂ ಒಂದೆರಡು ಪುಟ ಸಲ್ಲಬೇಕೆಂಬುದು ನಮ್ಮ ಆಶಯ. ಲೇಸು ಎಂಬುದು ಆಂಗ್ಲರಿಂದ ಬಂದ ಮಾತು. ನಮ್ಮ ನುಡಿಯಲ್ಲಿ ಅದೇ ಉಚ್ಚಾರದ ಹಳೆಯ ಶಬ್ದಕ್ಕೆ ಒಳಿತು ಎಂಬ ಅರ್ಥವಿದೆ. ಇದು ಕೇವಲ ಆಕಸ್ಮಿಕವಾದರೂ ಕೇಳಲು ಹಿತವಾಗಿದೆ.

ಮೊಳಕಾಲ್ಮೂರು ತಾಲ್ಲೂಕಿನ ದೇವಸಮುದ್ರದ ಸೀಮೆ ಬಂಡೆಗುಡ್ಡಗಳ, ಅಲ್ಪ ಮಳೆಯ ಸೀಮೆ. ಈ ತಾಲ್ಲೂಕಿನ ಬ್ರಹ್ಮಗಿರಿಯಲ್ಲಿಯೂ ಸುತ್ತಲಿನ ಬಂಡೆಗಳಲ್ಲಿಯೂ ಇರುವ ಅಶೋಕನ ಶಾಸನಗಳನ್ನು 1892ರಲ್ಲಿ ಬಿ. ಎಲ್. ರೈಸ್ ಅವರು ಬೆಳಕಿಗೆ ತಂದರು. ನೂಲಿನ ವಿಷಯದಲ್ಲಿ ಈ ನಾಡಿಗೆ ಕೀರ್ತಿ ತಂದದ್ದು ಲೇಸಲ್ಲ, ಮೊಳಕಾಲ್ಮೂರಿನ ರೇಷ್ಮೆ ಸೀರೆ. ಒಣಗಾಳಿಗೆ ಎಳೆ ಬಿರುಸಾಗಿ ತುಂಡಾಗುತ್ತದೆ. ಆದುದರಿಂದಲೇ ನೇಕಾರರು ನೆಲದಲ್ಲಿ ಕುಣಿ ತೋಡಿ ಮಗ್ಗವನ್ನು ಹೂಡುವ ಪದ್ಧತಿ ಬೆಳೆಯಿತು. ಕುಣಿಯ ತೇವ ಹಾಸುನೂಲನ್ನು ಕಾಯುತ್ತದೆ. ಒಣಗಾಳಿಯೊಡನೆ ಇಂತಹ ಹೋರಾಟವನ್ನು ಬಲ್ಲ ಸೀಮೆಯವರಿಗೆ ಕೈಲೇಸಿನ ಕಥೆ ವಿಚಿತ್ರವಾಗಿ ತೋರಬಹುದು. ಏಕೆಂದರೆ ಅದು ನಮ್ಮ ದೇಶದಲ್ಲಿ ಬೇರೂರಿದ್ದು ಗಾಳಿಯೇ ಒದ್ದೆಯಾಗಿರುವ ಕರಾವಳಿಯಲ್ಲಿ. ಅಲ್ಲಿಯ ಶತ್ರು ಕೈಯ ಬೆವರು.

ಈ ಕಲೆಯ ತವರು ಯೂರೋಪು. ಅದರಲ್ಲಿಯೂ ಇಟಲಿ ಮತ್ತು ಫ್ಲಾಂಡರ್ಸ್. ಅಲ್ಲಿಯ ಬಡ ಹೆಂಗಸರ ಕಷ್ಟವೆಂದರೆ ಚಳಿ. ಬೆಂಕಿ ಹೊತ್ತಿಸಿದರೆ ಮಸಿ ಹಾರಿ ಲೇಸು ಕಪ್ಪಾಗುವುದೆಂದು ಕೆಲವರು ದನದ ಕೊಟ್ಟಿಗೆಯ ಮೇಲಣ ಅಟ್ಟದಲ್ಲಿ ಕುಳಿತು, ದನಗಳ ಉಸಿರಿನ ಶಾಖದಲ್ಲಿ ಬೆರಳಾಡಿಸುತ್ತಿದ್ದರು. ಅದೇ ಕಲೆ 19ನೆಯ ಶತಮಾನದಲ್ಲಿ ತಿರುವಾಂಕೂರಿನ ಸೆಕೆಗೆ ಬಂದಿತು. 1819ರಲ್ಲಿ ನಾಗರಕೋಯಿಲಿಗೆ ಬಂದ ಲಂಡನ್ ಮಿಷನ್ನಿನ ಮಾರ್ತಾ ಮಾಲ್ಟ್ ಎಂಬಾಕೆ ತಾವು ತೆರೆದ ಹೆಣ್ಣುಮಕ್ಕಳ ಶಾಲೆಯಲ್ಲಿ ಇದನ್ನು ಕಲಿಸಿದರು. ಆ ಮಿಷನ್ ನಮ್ಮ ಸಭೆಯದಲ್ಲ. ಆದರೂ ಮೊದಲ ಕೀರ್ತಿ ಸಲ್ಲಬೇಕಾದವರಿಗೆ ಸಲ್ಲಲಿ. ಜೀತದಲ್ಲಿ ಹುಟ್ಟಿದ ಹಲವು ಬಾಲಿಕೆಯರು ಲೇಸಿನ ಸಂಪಾದನೆಯಿಂದಲೇ ತಮ್ಮ ಬಿಡುಗಡೆಯ ಬೆಲೆಯನ್ನು ತೆತ್ತರು. ಆ ಸಂಸ್ಥಾನದಲ್ಲಿ ಜೀತ ರದ್ದಾದದ್ದು 1855ರಲ್ಲಿ. ಬೆವರಿದ ಬೆರಳುಗಳು ಕಾನೂನಿಗಿಂತ ಮುಂದೆ ನಡೆದಿದ್ದವು.

ಕಥೋಲಿಕರ ಪಾಲು ಇನ್ನೊಂದು ದಾರಿಯಿಂದ ಬಂದಿತು. ಬೆಲ್ಜಿಯಮ್ಮಿನ ಈಪರ್ ಪಟ್ಟಣ ಲೇಸಿಗೆ ಹೆಸರಾದುದು. ಅಲ್ಲಿಯ ಕನ್ಯಾಮಠದಿಂದ ಮಾತೆ ಮರೀ ಲೂಯಿಸ್ ದ ಮೇಸ್ಟರ್ ಅವರು ಒಬ್ಬ ಸಂಗಾತಿಯೊಡನೆ 1897ರಲ್ಲಿ, ಇಂದಿನ ಕನ್ಯಾಕುಮಾರಿ ಜಿಲ್ಲೆಯ ಮುಳಗುಮೂಡಿಗೆ ಅನಾಥ ಮಕ್ಕಳ ಸೇವೆಗಾಗಿ ಬಂದಿಳಿದರು. ಅಲ್ಲಿಯ ಕನ್ಯಾಮಠದಲ್ಲಿ ಲೇಸು ಮತ್ತು ಕಸೂತಿಯ ಕೆಲಸ ನೆಲೆಗೊಂಡಿತು. ಅನ್ನ, ಅಕ್ಷರ, ಕೈಕಸುಬು ಈ ಮೂರನ್ನೂ ಒಂದೇ ಸೂರಿನಡಿ ಕೊಟ್ಟದ್ದು ಅಂದಿನ ಮಠಗಳ ಹಿರಿಮೆ.

ಸೆಕೆಯಲ್ಲಿ ಲೇಸು ಹೆಣೆಯುವ ಬಗೆಯನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ಕದಿರುಲೇಸಿಗೆ ಹುಲ್ಲನ್ನೋ ಮರದ ಪುಡಿಯನ್ನೋ ಗಟ್ಟಿಯಾಗಿ ತುಂಬಿದ ದಿಂಬು ಬೇಕು. ಅದರ ಮೇಲೆ ತೂತು ಚುಚ್ಚಿದ ನಮೂನೆಯ ಕಾಗದವನ್ನಿಟ್ಟು, ತೂತಿಗೊಂದರಂತೆ ಸೂಜಿಗುಂಡುಗಳನ್ನು ನೆಟ್ಟು, ಮರದ ಕದಿರುಗಳಲ್ಲಿ ಸುತ್ತಿದ ಎಳೆಗಳನ್ನು ಅಡ್ಡ ಹಾಯಿಸಿ, ಹುರಿ ತಿರುಗಿಸಿ ಹೆಣೆಯುತ್ತಾರೆ. ಇಲ್ಲೊಂದು ಜಾಣ್ಮೆಯಿದೆ. ಬೆರಳು ಹಿಡಿಯುವುದು ಕದಿರಿನ ಮರವನ್ನು, ನೂಲನ್ನಲ್ಲ. ಬೆವರು ಮರಕ್ಕೆ ತಗಲುತ್ತದೆ, ಲೇಸು ಶುಭ್ರವಾಗಿ ಉಳಿಯುತ್ತದೆ. ಕೊಕ್ಕೆಯಿಂದ ಹೆಣೆಯುವ ಕ್ರೋಷಾದಲ್ಲಿ ಹಾಗಲ್ಲ. ಎಳೆ ಬೆರಳಿನ ಮೇಲೆಯೇ ಹರಿಯುತ್ತದೆ, ಉಪ್ಪಿನ ಬೆವರನ್ನು ಹೀರುತ್ತದೆ, ದಿನಗಳೆದಂತೆ ಹಳದಿಗಟ್ಟುತ್ತದೆ. ಉಕ್ಕಿನ ಕೊಕ್ಕೆ ಒದ್ದೆ ಕೈಯಲ್ಲಿ ಅಂಟಿ ನಿಲ್ಲುತ್ತದೆ, ಒರಸದೆ ಬಿಟ್ಟರೆ ತುಕ್ಕು ಹಿಡಿಯುತ್ತದೆ. ದಿಂಬಿಗೆ ಹಿತ್ತಾಳೆಯ ಗುಂಡುಸೂಜಿಯೇ ಆಗಬೇಕೆಂಬ ನಿಯಮವೂ ಇದಕ್ಕಾಗಿಯೇ. ಕಬ್ಬಿಣದ ತುಕ್ಕಿನ ಕಲೆ ಬಿಳಿಯ ನೂಲಿನಿಂದ ಹೋಗುವುದು ಬಲು ಕಷ್ಟ. ಮುಗಿದ ಭಾಗವನ್ನು ಬಟ್ಟೆಯಲ್ಲಿ ಸುತ್ತಿ, ಹೆಣೆಯುತ್ತಿರುವ ಅಂಗುಲದಷ್ಟನ್ನೇ ತೆರೆದಿಡುವುದು, ಮತ್ತೆಮತ್ತೆ ಕೈ ತೊಳೆದು ಒರಸಿಕೊಳ್ಳುವುದು, ಬಿಸಿಲೇರುವ ಮೊದಲೇ ಜಗಲಿಯಲ್ಲಿ ಕೂರುವುದು ಇವೆಲ್ಲ ಸೆಕೆಯ ನಾಡಿನ ಲೇಸುಗಾರ್ತಿ ಪಾಲಿಸಬೇಕಾದ ನೇಮಗಳು. ಒಂದು ವಿಷಯದಲ್ಲಿ ಮಾತ್ರ ತೇವದ ಗಾಳಿ ಉಪಕಾರಿ. ಅಗಸೆನಾರಿನ ನವಿರಾದ ಎಳೆ ಒಣಹವೆಯಲ್ಲಿ ಮುರಿಯುತ್ತದೆ. ಫ್ಲಾಂಡರ್ಸಿನಲ್ಲಿ ಅದನ್ನು ತೇವದ ನೆಲಮಾಳಿಗೆಗಳಲ್ಲಿ ನೂಲುತ್ತಿದ್ದರು. ಕುಣಿಮಗ್ಗದ ನೇಕಾರನಿಗೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ.

ಲೇಸಿನ ಕಥೆಯಲ್ಲಿ ಹೊಗಳಿಕೆಗೆ ಮಾತ್ರ ಎಡೆಯಿದೆಯೆಂದು ನಾವು ಭಾವಿಸುವುದಿಲ್ಲ. ಆಂಧ್ರದ ಗೋದಾವರಿ ತೀರದ ನರಸಾಪುರದಲ್ಲಿ ಮಿಷನರಿಗಳು ಕಲಿಸಿದ ಕ್ರೋಷಾ ಲೇಸು ದೊಡ್ಡ ವ್ಯಾಪಾರವಾಗಿ ಬೆಳೆಯಿತು. ಜರ್ಮನಿಯ ವಿದುಷಿ ಮಾರಿಯಾ ಮೀಸ್ ಅಲ್ಲಿಯ ಹೆಂಗಸರ ಬಗೆಗೆ ಬರೆದ ಗ್ರಂಥ 1982ರಲ್ಲಿ ಪ್ರಕಟವಾಯಿತು. ಮನೆಗೆಲಸದ ಮೇಲೆ ದಿನಕ್ಕೆ 6ರಿಂದ 8 ಗಂಟೆ ದುಡಿಯುತ್ತಿದ್ದ ಅವರನ್ನು ಕೆಲಸಗಾರ್ತಿಯರೆಂದು ಯಾರೂ ಗಣಿಸುತ್ತಿರಲಿಲ್ಲ. ಬಿಡುವಿನ ವೇಳೆಯ ಹವ್ಯಾಸವೆಂಬ ಹೆಸರಿನಲ್ಲಿ ಕೂಲಿ ಅತ್ಯಲ್ಪವಾಗಿತ್ತು, ಲಾಭ ವರ್ತಕರ ಪಾಲಾಗಿತ್ತು. ನರಸಾಪುರದ ಲೇಸಿಗೆ 2024ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ದೊರೆತಿದೆ. ಊರಿನ ಹೆಸರಿಗೆ ರಕ್ಷಣೆ ಬಂದಿತು; ಹೆಣೆದವಳ ಕೂಲಿಯ ಪ್ರಶ್ನೆ ಬೇರೆಯೇ. ಬಿಡುವಿನ ಕೆಲಸ ಎಂಬ ಆ ಹಗುರ ಮಾತನ್ನು ದೇವಾಲಯದ ಸೇವೆಯಲ್ಲಿ ನಾವೂ ಎಷ್ಟೋ ಬಾರಿ ಆಡುತ್ತೇವೆ.

ಯಂತ್ರದ ಬಲೆಲೇಸಿಗೆ ಜಾನ್ ಹೀತ್‌ಕೋಟ್ 1809ರ ವೇಳೆಗೇ ಹಾದಿ ಮಾಡಿದ್ದನು. ಎರಡನೆಯ ವ್ಯಾಟಿಕನ್ ಮಹಾಸಭೆ 1963ರ ಪೂಜಾವಿಧಿಯ ಸಂವಿಧಾನದಲ್ಲಿ, ಪವಿತ್ರ ವಸ್ತ್ರಗಳಲ್ಲಿ ಆಡಂಬರಕ್ಕಿಂತ ಉದಾತ್ತವಾದ ಸೌಂದರ್ಯವೇ ಇರಲೆಂದು ಸೂಚಿಸಿತು. ಆ ಬಳಿಕ ಅಗಲವಾದ ಲೇಸಿನ ಅಂಚುಗಳು ಅನೇಕ ಕಡೆ ಪೆಟ್ಟಿಗೆ ಸೇರಿದವು.

ಅಂತಹ ಪೆಟ್ಟಿಗೆಗಳು ಪೂಜಾವಸ್ತ್ರಗಳ ಕೋಣೆಯಲ್ಲಿಯೋ ಮನೆಗಳಲ್ಲಿಯೋ ಇದ್ದರೆ ತೆರೆದು ನೋಡಬೇಕೆಂದು ಬಂಧುಗಳಲ್ಲಿ ನಮ್ಮ ವಿನಂತಿ. ಗಂಜಿ ಹಾಕಿಟ್ಟ ಲೇಸನ್ನು ಹುಳು ಹುಡುಕಿಕೊಂಡು ಬರುತ್ತದೆ. ಆದುದರಿಂದ ಗಂಜಿಯನ್ನು ತೊಳೆದು, ನೆರಳಿನಲ್ಲಿ ಚೆನ್ನಾಗಿ ಒಣಗಿಸಿ, ಮಡಿಕೆಯ ಗೆರೆಯಲ್ಲಿ ನೂಲು ಮುರಿಯದಂತೆ ಬಿಳಿಯ ಹತ್ತಿಬಟ್ಟೆಯ ಸುರುಳಿಯ ಮೇಲೆ ಸುತ್ತಿಡಬೇಕು. ಹೆಣೆದವರ ಹೆಸರು ಮನೆಯ ಹಿರಿಯರಿಗೆ ನೆನಪಿದ್ದರೆ, ಅದನ್ನೊಂದು ಚೀಟಿಯಲ್ಲಿ ಬರೆದು ಸುರುಳಿಯೊಡನೆ ಇರಿಸಬೇಕು.