ಹೃದ್ರೋಗವೂ ಜನಾಂಗವೂ

ನಮ್ಮ ತಂದೆಯವರು ಐವತ್ತೆರಡನೆಯ ವಯಸ್ಸಿನಲ್ಲಿ ಎದೆನೋವಿನಿಂದ ತೀರಿಕೊಂಡರು. "ನಮ್ಮ ಮನೆತನದ ಹಣೆಬರಹ" ಎಂದರು ಹಿರಿಯರು. ನನಗೀಗ ನಲವತ್ತೇಳು. ಕನ್ನಡ ಪಾಠ ಹೇಳುವವನು ಈ ರೋಗದ ಚರಿತ್ರೆಯನ್ನು ಕೆದಕಹೊರಟದ್ದಕ್ಕೆ ಕಾರಣ ಇದೇ.

ಜನಾಂಗ ಜನಾಂಗಗಳ ನಡುವೆ ಈ ವಿಷಯದಲ್ಲಿ ಭೇದವಿರುವುದು ನಿಜ. ಸಿಂಗಪುರದ ವೈದ್ಯರು ಶವಪರೀಕ್ಷೆಯ ದಾಖಲೆಗಳನ್ನು ಪರಿಶೀಲಿಸಿ, ಅದೇ ಊರಿನ ಚೀನೀಯರಿಗಿಂತ ಭಾರತೀಯರಲ್ಲಿ ಹೃದ್ರೋಗ ಬಹಳ ಹೆಚ್ಚೆಂದು 1959ರಲ್ಲಿ ಪ್ರಕಟಿಸಿದರು.

ಹಾಗಾದರೆ ಇದು ರಕ್ತದ ಗುಣವೇ? ಬರಿಯ ರಕ್ತದ್ದಲ್ಲವೆಂದು ತೋರಿಸಿದ್ದು 1965ರ ಸುಮಾರಿಗೆ ಆರಂಭವಾದ ಇನ್ನೊಂದು ಅಧ್ಯಯನ. ಹಿರೋಷಿಮಾ ಮತ್ತು ನಾಗಸಾಕಿ, ಹೊನೊಲುಲು, ಸ್ಯಾನ್ ಫ್ರಾನ್ಸಿಸ್ಕೊ ಪ್ರದೇಶಗಳ ಜಪಾನೀ ಗಂಡಸರನ್ನು ಅದರಲ್ಲಿ ಹೋಲಿಸಿದರು. ವಂಶ ಒಂದೇ; ಆದರೂ ಹೃದ್ರೋಗ ಜಪಾನಿನಲ್ಲಿ ಅತಿ ಕಡಮೆ, ಹವಾಯಿಯಲ್ಲಿ ಹೆಚ್ಚು, ಕ್ಯಾಲಿಫೋರ್ನಿಯಾದಲ್ಲಿ ಇನ್ನೂ ಹೆಚ್ಚು. ವಲಸೆ ಹೋದವರಲ್ಲಿ ಕೊಲೆಸ್ಟರಾಲೂ ದೇಹದ ತೂಕವೂ ಏರಿದ್ದವು. ಕ್ಯಾಲಿಫೋರ್ನಿಯಾದಲ್ಲಿದ್ದೂ ಹಿಂದಿನ ಆಚಾರವ್ಯವಹಾರಗಳನ್ನು ಉಳಿಸಿಕೊಂಡವರಲ್ಲಿ ರೋಗ ಕಡಮೆಯೆಂದು 1976ರಲ್ಲಿ ಮಾರ್ಮಟ್ ಮತ್ತು ಸೈಮ್ ತಿಳಿಸಿದರು.

ನಮ್ಮವರ ವಿಚಾರವೇನು? ಲಂಡನ್ನಿನಲ್ಲಿ ನೆಲಸಿದ ದಕ್ಷಿಣ ಏಷ್ಯದವರನ್ನು ಕುರಿತ ಸಂಶೋಧನೆ 1991ರಲ್ಲಿ ಹೊರಬಂತು. ಅಲ್ಲಿನ ಯೂರೋಪಿಯನರಿಗಿಂತ ಅವರಲ್ಲಿ ಸಕ್ಕರೆ ಕಾಯಿಲೆಯೂ ಹೊಟ್ಟೆಯ ಸುತ್ತಣ ಬೊಜ್ಜೂ ಎದ್ದುಕಾಣುವಷ್ಟು ಹೆಚ್ಚಾಗಿದ್ದವು.

ವಂಶ ಕೊಟ್ಟದ್ದನ್ನು ಹಿಂದಿರುಗಿಸುವಂತಿಲ್ಲ. ಆದರೆ ಸೊಂಟಕ್ಕೆ ಟೇಪು ಸುತ್ತಬಹುದು, ರಕ್ತದ ಸಕ್ಕರೆಯನ್ನು ಅಳೆಯಿಸಬಹುದು. ಹಣೆಬರಹವೆಂದು ಕೈಕಟ್ಟಿ ಕೂರಬೇಕಾಗಿಲ್ಲ. ಕಳೆದ ತಿಂಗಳು ನಾನು ಪರೀಕ್ಷೆ ಮಾಡಿಸಿಕೊಂಡೆ. ಜೊತೆಗೆ ಮಗನನ್ನೂ ಕರೆದುಕೊಂಡು ಹೋಗಿದ್ದೆ.