ಶಾಸನವೊಂದು ನುಡಿಗಟ್ಟಾದ ಬಗೆ

ಒಬ್ಬರ ಮೇಲೆ ಸಿಟ್ಟಿಗೆದ್ದು ಕಟುವಾಗಿ ಗದರಿಸುವುದನ್ನು ಇಂಗ್ಲಿಷರು ‘ರಯಟ್ ಆಕ್ಟ್ ಓದುವುದು’ ಎನ್ನುತ್ತಾರೆ. ತರಗತಿಯಲ್ಲಿ ಈ ನುಡಿಗಟ್ಟು ಎದುರಾದಾಗ ‘ತರಾಟೆಗೆ ತೆಗೆದುಕೊಳ್ಳುವುದು’ ಎಂದು ಅರ್ಥ ಹೇಳಿ ನಾವು ಮುಂದೆ ಸಾಗುತ್ತೇವೆ. ಅರ್ಥವೇನೋ ಸರಿ, ಆದರೆ ಬೈಯುವ ಕ್ರಿಯೆಗೆ ‘ಓದುವುದು’ ಎಂಬ ಮಾತು ಏಕೆ ಬಂದಿತು? ಇದನ್ನು ವಿಚಾರಿಸಹೊರಟರೆ ಭಾಷೆಯಿಂದ ಇತಿಹಾಸಕ್ಕೆ ಹೊರಳಬೇಕಾಗುತ್ತದೆ.

1714ರಲ್ಲಿ ಒಂದನೆಯ ಜಾರ್ಜ್ ಬ್ರಿಟನ್ನಿನ ಸಿಂಹಾಸನವನ್ನೇರಿದಾಗ ಪದಚ್ಯುತ ಸ್ಟೂಅರ್ಟ್ ಶಾಖೆಯ ಪಕ್ಷಪಾತಿಗಳು ಇನ್ನೂ ಅಡಗಿರಲಿಲ್ಲ. ಹಲವು ಪಟ್ಟಣಗಳಲ್ಲಿ ಗಲಭೆಗಳೆದ್ದು, ಆಂಗ್ಲಿಕನ್ ಚರ್ಚಿಗೆ ಸೇರದ ಪ್ರಾಟೆಸ್ಟಂಟರ ಪ್ರಾರ್ಥನಾಮಂದಿರಗಳು ಧ್ವಂಸವಾದುವು. ಆಗ ಪಾರ್ಲಿಮೆಂಟು ರಚಿಸಿದ ದೊಂಬಿ ಶಾಸನವು 1715ರ ಆಗಸ್ಟ್ 1ರಂದು ಜಾರಿಗೆ ಬಂದಿತು. 12 ಅಥವಾ ಅದಕ್ಕೂ ಹೆಚ್ಚು ಮಂದಿ ಗಲಭೆಗಾಗಿ ಕೂಡಿದಲ್ಲಿ, ಮ್ಯಾಜಿಸ್ಟ್ರೇಟನು ಸಮೀಪಕ್ಕೆ ಹೋಗಿ, ಸದ್ದಡಗಿಸಿ, ರಾಜನ ಹೆಸರಿನ ಘೋಷಣೆಯನ್ನು ಉಚ್ಚಸ್ವರದಲ್ಲಿ ಓದಬೇಕು. ಓದಿದ ಮೇಲೆ ಒಂದು ಗಂಟೆ ಕಳೆದರೂ ಚದರದೆ ನಿಂತವರಿಗೆ ಮರಣದಂಡನೆ. ಅವರನ್ನು ಚದರಿಸುವಾಗ ಯಾರಾದರೂ ಸತ್ತರೆ ಅಧಿಕಾರಿಗಳು ಹೊಣೆಗಾರರಲ್ಲ.

ಹೀಗೆ ಆ ಓದು ಬದುಕು ಸಾವುಗಳ ನಡುವಣ ಗೆರೆಯಾಗಿದ್ದಿತು. ಅದರ ಒಂದೊಂದು ಪದಕ್ಕೂ ತೂಕವಿದ್ದಿತು. ರಾಜನನ್ನು ದೇವರು ಕಾಪಾಡಲೆಂಬ ಕೊನೆಯ ಹಾರೈಕೆಯನ್ನು ಬಿಟ್ಟು ಓದಿದ್ದರಿಂದ ಘೋಷಣೆಯೇ ಅಸಿಂಧುವೆಂದು 1830ರ ಮೊಕದ್ದಮೆಯೊಂದರಲ್ಲಿ ತೀರ್ಮಾನವಾಯಿತು.

ಆದರೆ ಓದಿದ್ದು ಜನರಿಗೆ ಕೇಳಿಸಿತೆ? 1819ರ ಆಗಸ್ಟ್ 16ರಂದು ಮ್ಯಾಂಚೆಸ್ಟರಿನ ಸೇಂಟ್ ಪೀಟರ್ಸ್ ಮೈದಾನದಲ್ಲಿ ಪಾರ್ಲಿಮೆಂಟಿನ ಸುಧಾರಣೆಯನ್ನು ಕೋರಿ ಸುಮಾರು 60,000 ಜನ ನೆರೆದಿದ್ದರು. ಶಾಸನವನ್ನು ಓದಲಾಯಿತೆಂದು ಮ್ಯಾಜಿಸ್ಟ್ರೇಟರು ವಾದಿಸಿದರು. ತಮಗೆ ಏನೂ ಕೇಳಿಸಲಿಲ್ಲವೆಂದು ನೆರೆದವರಲ್ಲಿ ಅನೇಕರು ಹೇಳಿದರು. ಕುದುರೆ ಸವಾರರು ಕತ್ತಿ ಹಿರಿದು ನುಗ್ಗಿದುದರಿಂದ ಕನಿಷ್ಠ 15 ಮಂದಿ ಮಡಿದರು, ನೂರಾರು ಮಂದಿ ಗಾಯಗೊಂಡರು. ಕೇಳಿಸದ ಎಚ್ಚರಿಕೆಯನ್ನು ಎಚ್ಚರಿಕೆಯೆನ್ನಬಹುದೆ ಎಂಬ ಪ್ರಶ್ನೆ ಅಂದಿನಿಂದಲೂ ಉಳಿದಿದೆ.

1837ರಲ್ಲಿ ಮರಣದಂಡನೆಗೆ ಬದಲಾಗಿ ಆಜೀವ ದ್ವೀಪಾಂತರವಾಸವು ವಿಧಿಯಾಯಿತು. 20ನೆಯ ಶತಮಾನದ ಉತ್ತರಾರ್ಧದಲ್ಲಿ ಶಾಸನವೇ ರದ್ದಾಯಿತು. ನುಡಿಗಟ್ಟು ಮಾತ್ರ ಉಳಿದು, ಮಕ್ಕಳನ್ನು ಗದರಿಸುವ ತಾಯಿಯ ಮಾತಿಗೂ ಸಲ್ಲುವಷ್ಟು ಸೌಮ್ಯವಾಯಿತು.

ಕನ್ನಡದಲ್ಲಿಯೂ ಬೈಗುಳಕ್ಕೆ ‘ಮಂಗಳಾರತಿ’, ‘ಸಹಸ್ರನಾಮ’ ಎಂಬ ಮಾತುಗಳುಂಟು. ನಮ್ಮವು ಗುಡಿಯಿಂದ ಬಂದವು, ಅವರದು ಬೀದಿಯಿಂದ. ಎರಡರಲ್ಲಿಯೂ ಗಂಭೀರವಾದ ವಿಧಿಯೊಂದು ಮನೆಮಾತಿನಲ್ಲಿ ವಿನೋದವಾಗಿ ಮಾರ್ಪಟ್ಟಿದೆ. ಆದರೆ ಮಂಗಳಾರತಿಯಿಂದ ಯಾರೂ ಸತ್ತಿರಲಿಲ್ಲ. ನುಡಿಗಟ್ಟಿನ ಅರ್ಥವನ್ನು ವಿದ್ಯಾರ್ಥಿಗೆ ಹೇಳುವಾಗ ಈ ವ್ಯತ್ಯಾಸವನ್ನೂ ಹೇಳುವುದು ಇತಿಹಾಸದ ಅಧ್ಯಾಪಕರಾದ ನಮ್ಮ ಕರ್ತವ್ಯವೆಂದು ಭಾವಿಸುತ್ತೇವೆ.