ಅಂಡಾಶಯ ಒಡೆದಾಗ

ಆಗುವುದೇನು

ಪ್ರತಿ ತಿಂಗಳು ಅಂಡಾಶಯದಲ್ಲಿ ನೀರುಗುಳ್ಳೆಯೊಂದು ಬೆಳೆದು, ಬಿರಿದು, ಅಂಡವನ್ನು ಹೊರಹಾಕುತ್ತದೆ. ಅದು ಸಹಜ. ಬಿರಿದ ಜಾಗದಲ್ಲಿ ಉಳಿಯುವ ಕಾರ್ಪಸ್ ಲೂಟಿಯಂನಲ್ಲಿ ರಕ್ತನಾಳಗಳು ಹೇರಳ. ಅದು ಊದಿಕೊಂಡು ಒಡೆದರೆ ಹೊಟ್ಟೆಯೊಳಗೆ ರಕ್ತ ಸೋರುತ್ತದೆ. ಮುಟ್ಟಿಗೆ ಮುಂಚಿನ ಎರಡು ವಾರಗಳಲ್ಲಿ, ಅದರಲ್ಲೂ ಬಲಮಗ್ಗುಲಲ್ಲಿ, ಇದು ಹೆಚ್ಚು. ಏಕೆಂದರೆ ಎಡ ಅಂಡಾಶಯಕ್ಕೆ ದೊಡ್ಡಕರುಳು ಮೆತ್ತೆಯಂತೆ ಆಸರೆ ಕೊಡುತ್ತದೆ. ಭಾರದ ಕೆಲಸ, ಪೆಟ್ಟು, ಸಂಭೋಗ ನೆಪವಾಗಬಹುದು. ಯಾವ ನೆಪವೂ ಇಲ್ಲದೆ ಒಡೆಯುವುದೂ ಉಂಟು.

ಯಾವ ಹೊಟ್ಟಿಬ್ಯಾನಿಗೆ ಓಡಬೇಕು

ಕೆಳಹೊಟ್ಟೆಯ ಒಂದೇ ಕಡೆ ಥಟ್ಟನೆ ನೋವು ಬಂದು, ಜತೆಗೆ ತಲೆಸುತ್ತು, ತಣ್ಣನೆ ಬೆವರು, ಭುಜದ ತುದಿಯಲ್ಲಿ ನೋವು ಕಂಡರೆ ಚಿಂಚೋಳಿ ತಾಲ್ಲೂಕಿನ ಐನಾಪುರದಲ್ಲಿ ಬೆಳಗಾಗಲಿ ಎಂದು ಕಾಯುವಂತಿಲ್ಲ. ಸೋರಿದ ರಕ್ತ ಎದೆ, ಹೊಟ್ಟೆಗಳ ನಡುವಿನ ವಪೆಗೆ ತಾಗಿದಾಗ ಭುಜ ನೋಯುತ್ತದೆ. 108ಕ್ಕೆ ಕರೆ ಮಾಡಬೇಕು. ತುರ್ತು ಶಸ್ತ್ರಚಿಕಿತ್ಸೆ, ರಕ್ತ ಬೇಕಾದರೆ ಚಿಂಚೋಳಿಯಿಂದ ಮುಂದೆ ಕಲಬುರಗಿಯ ಸರ್ಕಾರಿ ಆಸ್ಪತ್ರೆ ಜಿಮ್ಸ್‌ವರೆಗೂ ಹೋಗಬೇಕಾದೀತು.

ಅಲ್ಲಿ ಮೊದಲು ಮೂತ್ರದ ಗರ್ಭಪರೀಕ್ಷೆ, ಆಮೇಲೆ ಸ್ಕ್ಯಾನಿಂಗ್. ಮದುವೆಯಾಗಿಲ್ಲ ಎಂಬ ಸಂಕೋಚಕ್ಕೆ ಗರ್ಭಪರೀಕ್ಷೆ ಬಿಡುವುದು ಅಪಾಯ: ಗರ್ಭನಾಳದಲ್ಲಿ ನಿಂತ ಬಸಿರು ಒಡೆದರೂ ಲಕ್ಷಣಗಳು ಇವೇ. ಅಪೆಂಡಿಸೈಟಿಸ್, ಅಂಡಾಶಯ ತಿರುಚಿಕೊಳ್ಳುವುದು ಕೂಡ ಹೀಗೇ ಶುರುವಾಗಬಹುದು.

ಕತ್ತರಿ ಎಷ್ಟು ಬೇಕು?

ಬಿಪಿ, ನಾಡಿ ಸ್ಥಿರವಾಗಿದ್ದರೆ ಬಹುತೇಕರಿಗೆ ನೋವಿನ ಔಷಧ, ನಿಗಾ ಸಾಕು. ಸೋರಿದ ರಕ್ತವನ್ನು ದೇಹವೇ ಹೀರಿಕೊಳ್ಳುತ್ತದೆ. ರಕ್ತಸ್ರಾವ ನಿಲ್ಲದಿದ್ದರೆ ಲ್ಯಾಪರೊಸ್ಕೋಪಿ ಅಥವಾ ಹೊಟ್ಟೆ ತೆರೆದು ಆಪರೇಷನ್. ಆಗಲೂ ಸಾಧ್ಯವಾದಷ್ಟು ಅಂಡಾಶಯ ಉಳಿಸುವುದೇ ಕ್ರಮ.

ಗರ್ಭಚೀಲ ತೆಗೆಯುವುದು ಇದಕ್ಕೆ ಮದ್ದಲ್ಲ. ಈ ಮಾತನ್ನು ಕಲಬುರಗಿ ಜಿಲ್ಲೆಯಲ್ಲಿ ಒತ್ತಿ ಹೇಳಲೇಬೇಕು. ಹೊಟ್ಟೆನೋವು, ಬಿಳಿಸೆರಗು ಎಂದು ಹೋದ ಲಂಬಾಣಿ ತಾಂಡಾಗಳ, ದಲಿತ ಕೇರಿಗಳ ಹೆಣ್ಣುಮಕ್ಕಳ ಗರ್ಭಚೀಲವನ್ನು ಖಾಸಗಿ ಆಸ್ಪತ್ರೆಗಳಲ್ಲಿ ವಿನಾಕಾರಣ ತೆಗೆಯಲಾಗಿದೆ ಎಂಬ ದೂರು ಇಲ್ಲಿ ಎದ್ದು, 2015ರಲ್ಲಿ ಆರೋಗ್ಯ ಇಲಾಖೆ ತನಿಖೆ ನಡೆಸಿತು. ಕರ್ನಾಟಕ ಜನಾರೋಗ್ಯ ಚಳವಳಿ ಎಂಬ ಸಂಘಟನೆ ಇದರ ಬೆನ್ನು ಹತ್ತಿತ್ತು. ಬೇರೆ ರಾಜ್ಯಗಳ ಇಂಥದೇ ಪ್ರಕರಣಗಳ ಅರ್ಜಿಯಲ್ಲಿ ಸುಪ್ರೀಂ ಕೋರ್ಟ್ 2023ರ ಏಪ್ರಿಲ್‌ನಲ್ಲಿ, ವಿನಾಕಾರಣ ಗರ್ಭಚೀಲ ತೆಗೆಯುವುದನ್ನು ತಡೆಯುವ ಕೇಂದ್ರದ ಮಾರ್ಗಸೂಚಿಯನ್ನು ಮೂರು ತಿಂಗಳೊಳಗೆ ಅಳವಡಿಸಿಕೊಳ್ಳುವಂತೆ ಎಲ್ಲ ರಾಜ್ಯಗಳಿಗೂ ಹೇಳಿತು. ‘ಚೀಲ ತೆಗೆಸಿಬಿಡ್ರಿ’ ಎಂದರೆ ಸ್ಕ್ಯಾನಿಂಗ್ ವರದಿ ಕೈಗೆ ತೆಗೆದುಕೊಂಡು ಇನ್ನೊಬ್ಬ ವೈದ್ಯರನ್ನು ಕೇಳಬೇಕು; ವರದಿ ರೋಗಿಯ ಹಕ್ಕು.

ಚೇತರಿಕೆ

ಆಪರೇಷನ್ ಇಲ್ಲದಿದ್ದರೆ ನೋವು ಕೆಲವು ದಿನಗಳಲ್ಲಿ ಇಳಿಯುತ್ತದೆ. ಲ್ಯಾಪರೊಸ್ಕೋಪಿಯಾದರೆ ಒಂದೆರಡು ವಾರ, ಹೊಟ್ಟೆ ತೆರೆದಿದ್ದರೆ ನಾಲ್ಕರಿಂದ ಆರು ವಾರ. ತೊಗರಿ ರಾಶಿಯ ಹಂಗಾಮಾದರೂ ಅಷ್ಟು ದಿನ ಚೀಲ ಎತ್ತುವುದು, ಕೊಡ ಹೊರುವುದು ಬೇಡ. ಮನೆಯವರು ಇದನ್ನು ಒಪ್ಪುವುದೇ ಹಲವು ಸಲ ಔಷಧಕ್ಕಿಂತ ಕಷ್ಟ.

ರಕ್ತ ಸೋರಿದ ಮೇಲೆ ರಕ್ತಹೀನತೆಯನ್ನು ಮರೆಯಬಾರದು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ರಾಜ್ಯದ 15ರಿಂದ 49 ವಯಸ್ಸಿನ ಸುಮಾರು ಶೇ 48 ಮಹಿಳೆಯರಿಗೆ ಅದು ಮೊದಲೇ ಇತ್ತು. ವೈದ್ಯರು ಬರೆದಷ್ಟು ದಿನ ಕಬ್ಬಿಣದ ಗುಳಿಗೆ ನುಂಗಬೇಕು, ಅದರ ಜತೆ ಚಹಾ ಬೇಡ. ಜ್ವರ, ಹೆಚ್ಚುವ ನೋವು, ಮತ್ತೆ ತಲೆಸುತ್ತು ಬಂದರೆ ತಿರುಗಿ ಆಸ್ಪತ್ರೆಗೆ.

ಒಂದು ಅಂಡಾಶಯ ಹೋದರೂ ಇನ್ನೊಂದು ಚೆನ್ನಾಗಿದ್ದರೆ ಮುಟ್ಟು ನಿಲ್ಲದು, ಬಸಿರಿಗೂ ಅಡ್ಡಿಯಿಲ್ಲ. ಪದೇ ಪದೇ ಒಡೆಯುವವರಿಗೆ, ರಕ್ತ ತೆಳುಮಾಡುವ ಔಷಧ ತೆಗೆದುಕೊಳ್ಳುವವರಿಗೆ ಅಂಡೋತ್ಪತ್ತಿ ತಡೆಯುವ ಹಾರ್ಮೋನ್ ಚಿಕಿತ್ಸೆ ಬೇಕಾಗಬಹುದು; ಯಾವುದು ಹೊಂದುತ್ತದೆ ಎಂಬುದನ್ನು ಸ್ತ್ರೀರೋಗ ತಜ್ಞರೇ ನೋಡಿ ಹೇಳಬೇಕು.